ಎಪ್ಪತ್ತಮೂರು ಮೀಸೆಮೀನಿನ ಪುಣ್ಯ

ಮೊನ್ ತೊರೆಯ ಊರಿನಲ್ಲಿ ಚನ್‌ಸೋಮ್ ಅವರ ಮನೆ ಯಾವುದೆಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಮೀಸೆಮೀನಿನ ಪಾ ಮನೆ ಎಂದರೆ ತೊಟ್ಟಿಲ ಕೂಸೂ ಬೆರಳು ತೋರಿಸುತ್ತದೆ. ಪಾ ಎಂದರೆ ದೊಡ್ಡಮ್ಮ. ಅರವತ್ತಕ್ಕೆ ಎರಡು ಕಡಿಮೆ ವಯಸ್ಸಿನ, ಗಿಡ್ಡ ಕಾಲಿನ, ದೊಡ್ಡ ದನಿಯ ಈ ಹೆಂಗಸು ಇಪ್ಪತ್ತೈದು ವರ್ಷದಿಂದ ಊರ ಶಾಲೆಯ ಅಡುಗೆಯವಳು. ಮೂವತ್ತೈದರ ಒಳಗಿನ ಯಾರನ್ನೇ ಹಿಡಿದು ನಿಲ್ಲಿಸಿ, ಅವರು ಅವಳ ಸೌಟಿನ ಕೆಳಗೆ ತಟ್ಟೆ ಹಿಡಿದವರೇ. ಗಂಡನೆಂಬುವನು ಹಿಂದೆ ಲಾವೋಸಿನ ಗಡಿ ದಾಟಿ ವ್ಯಾಪಾರಕ್ಕೆ ಹೋದವನು ಅಲ್ಲೇ ಇನ್ನೊಂದು ಒಲೆ ಹೂಡಿದ. ಒಂದು ತಟ್ಟೆ ತೊಳೆಯುವುದು ಉಳಿಯಿತು ಎಂದು ಅವಳು ನಕ್ಕು ಸುಮ್ಮನಾದಳು.

ಮೀಸೆಮೀನಿನ ಹೆಸರು ಅಂಟಿಕೊಂಡದ್ದು ಬೇರೆ ಕಾರಣಕ್ಕೆ. ಒಂದು ಕಾಲದಲ್ಲಿ ನಾಲ್ಕು ವರ್ಷ ಅವಳು ಪುರುಸೊತ್ತು ಸಿಕ್ಕಾಗಲೆಲ್ಲ ಗಾಳ ಹಿಡಿದು ತೊರೆಯಲ್ಲೇ ಬಿದ್ದಿರುತ್ತಿದ್ದಳು. ಬೇರೆ ಮೀನು ಕಚ್ಚಿದರೆ ಮುತ್ತು ಕೊಡುವುದೊಂದು ಬಾಕಿ, ಹಾಗೆ ಜೋಪಾನವಾಗಿ ವಾಪಸ್ ಬಿಡುತ್ತಿದ್ದಳು. ಮೀಸೆಮೀನು ಕಚ್ಚಿದರೆ ಮಾತ್ರ ಬುಟ್ಟಿಗೆ. ಅದನ್ನು ತಾನು ಬಾಯಿಗೂ ಹಾಕುತ್ತಿರಲಿಲ್ಲ, ಶಾಲೆಯ ಬುಧವಾರದ ಸಾರಿಗೆ ಹಾಕುತ್ತಿದ್ದಳು. ಮನೆಗೆ ಬಂದು ಬಾಗಿಲ ಚೌಕಟ್ಟಿನ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆಯುತ್ತಿದ್ದಳು. ಊರಿನವರು ಅದನ್ನು ಹುಚ್ಚು ಎಂದರು. ಹುಚ್ಚಿಗೊಂದು ಹೆಸರು ಕೊಟ್ಟಮೇಲೆ ಕಾರಣ ಹುಡುಕುವ ತಾಪತ್ರಯ ಯಾರಿಗೂ ಇರುವುದಿಲ್ಲ.

ಕಾರಣ ಅವಳೊಬ್ಬಳಿಗೇ ಗೊತ್ತಿತ್ತು. ಹದಿನೆಂಟು ವರ್ಷದ ಹಿಂದೆ ಅವಳ ತಾಯಿ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಹಾಸಿಗೆ ಹಿಡಿದಳು. ಸಾಯುವ ಜೀವಗಳನ್ನು ಕೊಂಡು ಬಿಡುಗಡೆ ಮಾಡಿದರೆ ಆಯಸ್ಸು ಬೆಳೆಯುತ್ತದೆ; ವಯಸ್ಸೆಷ್ಟೋ ಅಷ್ಟು, ಮೇಲೆ ಒಂದು, ಬರುವ ವರ್ಷಕ್ಕೆ. ಇದನ್ನು ಹೇಳಿಕೊಡಲು ಯಾರೂ ಬೇಕಿಲ್ಲ, ಊರಿಗೆ ಊರೇ ಮಾಡುತ್ತದೆ. ಚನ್‌ಸೋಮ್ ಪೇಟೆಯಲ್ಲಿ ಕತ್ತಿಗೆ ಕಾದಿದ್ದ, ಮರಿಹಾಕದ ಬೆರಕೆ ತಳಿಯ ಎಪ್ಪತ್ತಮೂರು ಸಾಕಣೆಯ ಮೀಸೆಮೀನು ಕೊಂಡು ತಂದು, ಒಂದು ನಸುಕಿನಲ್ಲಿ ಒಬ್ಬಳೇ ಹೋಗಿ, ಕಾಡಂಚಿನ ಮಡುವಿನಲ್ಲಿ ಬಿಟ್ಟಳು. ಒಂದೊಂದಕ್ಕೂ ಅಮ್ಮನ ಹೆಸರು ಹೇಳಿ ಬಿಟ್ಟಳು. ಅಮ್ಮ ಹನ್ನೊಂದನೆಯ ದಿನ ತೀರಿಕೊಂಡಳು.

ಮಡುವಿನಲ್ಲಿ ಪ್ಲುವಾಂಗ್ ಎಂಬ ಮೀನು ತಲೆತಲಾಂತರದಿಂದ ಇತ್ತು. ತಾಮ್ರದ ಹುರುಪೆಯ, ಕೈಯಿಂದ ಅನ್ನ ತಿನ್ನುವ ಸಾಧು ಮೀನು. ಮೂರೇ ವರ್ಷದಲ್ಲಿ ಅದು ಕಾಣೆಯಾಯಿತು. ಗುಡ್ಡದ ಜೋಳದ ಹೊಲಗಳ ಔಷಧಿ ಇಳಿದು ಬಂತೆಂದು ಊರು ತೀರ್ಮಾನಿಸಿತು, ಚನ್‌ಸೋಮಳೂ ಹೂಂಗುಟ್ಟಿದಳು. ಆಮೇಲೊಂದು ದಿನ ಪಕ್ಕದ ಮನೆಯವರು ಮಡುವಿಗಿಂತ ಮೇಲಿನ ತೊರೆಯಲ್ಲಿ ಹಿಡಿದ ಮೀಸೆಮೀನೊಂದನ್ನು ಅವಳು ಸೀಳಿದಾಗ ಹೊಟ್ಟೆಯೊಳಗೆ ಉಗುರಿನಷ್ಟು ಉದ್ದದ ಹನ್ನೊಂದು ಪ್ಲುವಾಂಗ್ ಮರಿಗಳು. ಅಡುಗೆಯವಳಿಗೆ ಇದಕ್ಕಿಂತ ಸ್ಪಷ್ಟವಾಗಿ ಯಾರು ಏನು ಹೇಳಬೇಕು? ಅಂದೇ ಗಾಳ ಕೊಂಡಳು. ಬಿಟ್ಟ ಪುಣ್ಯವನ್ನು ಹಿಡಿದು ಸಾರು ಮಾಡಿದ ಹೆಂಗಸು ಆ ಕಣಿವೆಯಲ್ಲಿ ಅವಳೊಬ್ಬಳೇ ಇರಬೇಕು.

ಮೀಸೆಮೀನು ಕಳ್ಳಜಾತಿ. ಕಾಡಿನೊಳಗೆ ಬಂಡೆಗಳ ಸಂದಿ ಸೇರಿಕೊಂಡವನ್ನು ಹುಡುಕಲು ಎಳೆಯ ಕಣ್ಣು ಬೇಕಿತ್ತು. ಒಂದು ಶನಿವಾರ ಆರನೇ ತರಗತಿಯ ಆರು ಮಕ್ಕಳನ್ನು ಕರೆದುಕೊಂಡು ಹೋದಳು. ಮಕ್ಕಳು ಮೀಸೆಮೀನನ್ನೂ ಕಂಡರು, ತಾವು ಹುಡುಕದ ಬೇರೆಲ್ಲವನ್ನೂ ಕಂಡರು: ಮರಳಿನ ಮೇಲೆ ನೀರುನಾಯಿಯ ಹೆಜ್ಜೆ, ಜೇನಿಗಾಗಿ ಕರಡಿ ಪರಚಿದ ಮರ, ತಲೆಯ ಮೇಲೆ ಗರಗಸ ಎಳೆದ ಹಾಗೆ ಸದ್ದು ಮಾಡಿ ಹಾರಿದ ಮಂಗಟ್ಟೆ. ಮುಂದಿನ ಶನಿವಾರ ಹತ್ತೊಂಬತ್ತು ಮಕ್ಕಳು ಬಾಗಿಲಲ್ಲಿದ್ದರು. ನಾಲ್ಕನೆಯ ವರ್ಷಕ್ಕೆ ಚೌಕಟ್ಟಿನ ಮೇಲೆ ಎಪ್ಪತ್ತು ಗೆರೆಯಾದವು. ಉಳಿದ ಮೂರರಲ್ಲಿ ಒಂದು ಪಕ್ಕದ ಮನೆಯವರಿಗೆ ಸಿಕ್ಕಿದ್ದು, ಎರಡನ್ನು ನೀರುನಾಯಿ ತಿಂದಿರಬೇಕೆಂದು ಅವಳು ಸಮಾಧಾನ ಮಾಡಿಕೊಂಡಳು. ಮೀನು ಮುಗಿದವು, ಮಕ್ಕಳು ಮುಗಿಯಲಿಲ್ಲ.

ಹೀಗೆ ಹುಟ್ಟಿತು ಊರ ಶಾಲೆಯ ಕಾಡುಬಿಡಾರ. ಆರನೇ ತರಗತಿ ಮುಗಿಸಿದ ಮಕ್ಕಳಿಗೆಲ್ಲ ಮೂರು ದಿನ ಕಾಡು. ಅದನ್ನು ಕೇಳಿ ಬ್ಯಾಂಕಾಕಿನ ಒಂದು ಧರ್ಮನಿಧಿ ಹತ್ತು ವರ್ಷ ದುಡ್ಡು ಕಳಿಸಿತು. ಲಾರಿ ಬಾಡಿಗೆ, ಟಾರ್ಪಾಲು, ಕಾಡಿನ ಗೇಟಿನ ಶುಲ್ಕ, ಮಕ್ಕಳ ವಿಮೆ, ಎರಡು ದುರ್ಬೀನು. ಕಾಡಿನ ಬುಡದಲ್ಲಿ ಹುಟ್ಟಿದ ಮಕ್ಕಳಿಗೆ ಕಾಡು ತೋರಿಸಲು ದುಡ್ಡೇಕೆ ಎಂದು ಲುಂಗ್ ಪಾನ್ ಪ್ರತಿ ವರ್ಷ ಕೊಂಕು ತೆಗೆಯುತ್ತಿದ್ದ. ಈ ಲುಂಗ್, ಅಂದರೆ ದೊಡ್ಡಪ್ಪ, ದೇವಸ್ಥಾನದ ಜಗಲಿಯಲ್ಲಿ ಕೂತು ಹೋಗಿಬರುವವರ ತೂಕ ಹೇಳುವ ಕೆಲಸ ಮಾಡಿಕೊಂಡಿದ್ದ. ಕಾಡು ಈಗ ಬುಡದಲ್ಲಿ ಎಲ್ಲಿದೆ, ನಿಮ್ಮ ಜೋಳ ಅದನ್ನು ಹದಿನಾಲ್ಕು ಕಿಲೋಮೀಟರು ಹಿಂದಕ್ಕೆ ದಬ್ಬಿದೆಯಲ್ಲ ಎಂದು ಚನ್‌ಸೋಮ್ ಪ್ರತಿ ವರ್ಷ ಅದೇ ಉತ್ತರ ಕೊಡುತ್ತಿದ್ದಳು. ಅಷ್ಟರಲ್ಲಿ ಮಡುವಿಗೆ ಮೇಲಿನ ತೊರೆಗಳಿಂದ ಪ್ಲುವಾಂಗ್ ಮರಳಿ ಬಂದಿತ್ತು.

ಈ ವರ್ಷ ನಿಧಿಯಿಂದ ಕಾಗದ ಬಂತು. ಅದು ಎಷ್ಟು ವಿನಯದ ಕಾಗದವೆಂದರೆ, ಇಲ್ಲ ಎಂದಿದ್ದಾರೆ ಎಂದು ತಿಳಿಯಲು ಹೆಡ್‌ಮಾಸ್ತರರು ಮೂರು ಸಲ ಓದಬೇಕಾಯಿತು. ಮಕ್ಕಳಿಗೂ ಕಾಡಿಗೂ ಇದ್ದ ನಿಧಿಯನ್ನು ಮುಚ್ಚಿದ್ದರು. ಇಪ್ಪತ್ತೆರಡು ಮಕ್ಕಳು ಆಗಲೇ ಚಾಪೆ ಸುತ್ತಿಟ್ಟುಕೊಂಡಿದ್ದರು.

ದೇವಸ್ಥಾನದ ಹಿರಿಯ ಭಿಕ್ಷು, ಊಟಕ್ಕೂ ನಿದ್ದೆಗೂ ನಡುವೆ ಅಪರೂಪಕ್ಕೆ ಮಾತಾಡುವವರು, ಒಂದು ದಾರಿ ಹೇಳಿದರು. ದುಡ್ಡಿನ ಮರ ಎತ್ತಿಸಿ. ನಮ್ಮಲ್ಲಿ ಗುಡಿಯ ಸೂರು ಸೋರಿದರೂ ಶಾಲೆಯ ಗೋಡೆ ಬಿದ್ದರೂ ಬಿದಿರಿನ ಕೊಂಬೆಗಳಿಗೆ ನೋಟಿನ ಎಲೆ ಕಟ್ಟಿದ ಮರ ಮೆರವಣಿಗೆಯಲ್ಲಿ ಬರಲೇಬೇಕು. ಮರಕ್ಕೆ ಒಬ್ಬ ಯಜಮಾನ ಬೇಕು. ನಖೋನ್ ಸವನ್ ಪೇಟೆಯ ಚಿನ್ನದಂಗಡಿಯ ಹುಯ್ ಅಕ್ಕ ಒಪ್ಪಿದಳು. ಅವಳಿಗೆ ಅರವತ್ತು ತುಂಬುತ್ತಿತ್ತು, ಹನ್ನೆರಡು ವರ್ಷಕ್ಕೊಂದು ಸುತ್ತೆಂಬ ಚೀನೀ ಲೆಕ್ಕದಲ್ಲಿ ಐದನೆಯ ಸುತ್ತು, ದೊಡ್ಡ ಪುಣ್ಯ ಬೇಕಿತ್ತು. ಊರು ಕುಣಿಯಿತು. ಮೆರವಣಿಗೆಯ ಹಿಂದಿನ ದಿನ ಅವಳು ಚನ್‌ಸೋಮಳಿಗೆ ಫೋನು ಮಾಡಿದಳು.

"ಅಂದ ಹಾಗೆ ಪಾ, ಅರವತ್ತೊಂದು ಮೀಸೆಮೀನು ತರ್ತಾ ಇದ್ದೀನಿ. ಒಂದೊಂದೂ ನನ್ನ ತೋಳಿನಷ್ಟಿದೆ. ಮಕ್ಕಳ ಮಡು ಅಂತಾರಲ್ಲ, ಅಲ್ಲೇ ಬಿಡೋಣ. ಮರ ಒಪ್ಪಿಸೋದು ಆಮೇಲೆ."

ಚನ್‌ಸೋಮಳ ದೊಡ್ಡ ದನಿ ಎಲ್ಲಿ ಹೋಯಿತೋ, ಆಗಲಿ ಅಕ್ಕ ಎಂದುಬಿಟ್ಟಳು. ಕೊಡುವ ಕೈಗೆ ಬೇಡವೆನ್ನುವುದು ನಮ್ಮವರ ನಾಲಿಗೆಗೆ ಬರುವುದಿಲ್ಲ. ಫೋನಿಟ್ಟು ಭಿಕ್ಷುಗಳ ಬಳಿ ಓಡಿದಳು. ನಾಲ್ಕು ಮೀನಿನಿಂದ ಏನಾಗುತ್ತೆ ಬಿಡು, ಇನ್ನೊಬ್ಬರ ಪುಣ್ಯಕ್ಕೆ ಅಡ್ಡಗಾಲು ಹಾಕಿದವರು ಮುಂದಿನ ಜನ್ಮದಲ್ಲಿ ಮೂಕರಾಗಿ ಹುಟ್ಟುತ್ತಾರೆ ಎಂದು ಅವರು ಆಕಳಿಸಿದರು. ಈ ಜನ್ಮದಲ್ಲಿ ಎರಡು ಜನ್ಮದ ಮಾತು ಆಡಿಯಾಗಿದೆ, ಅದಕ್ಕೆ ಹೆದರಿಕೆಯಿಲ್ಲ ಎಂದುಕೊಂಡು ಅವಳು ಮನೆಗೆ ಬಂದಳು. ನಿಜವಾದ ಹೆದರಿಕೆ ಬೇರೆಯಿತ್ತು. ಮೀನು ಬೇಡವೆಂದರೆ ಮಕ್ಕಳ ಕಾಡು ಹೋಗುತ್ತದೆ. ಆಗಲಿ ಎಂದರೆ ಮಡು ಹೋಗುತ್ತದೆ, ಈ ಸಲ ಅವಳು ಕಣ್ಣು ಬಿಟ್ಟುಕೊಂಡೇ ಕಳೆದ ಹಾಗಾಗುತ್ತದೆ. ಅಂದು ಮರುದಿನದ ಅನ್ನಕ್ಕೆ ಅಂಟಕ್ಕಿ ನೆನೆಹಾಕುವುದನ್ನೂ ಮರೆತಳು. ಅಮ್ಮ ತೀರಿಕೊಂಡ ಮೇಲೆ ಅದು ಮೊದಲ ಸಲ.

ಮರುದಿನ ಉದ್ದ ಮದ್ದಳೆ ಬಾರಿಸುತ್ತ, ಅಜ್ಜಿಯರು ಕೈ ತಿರುವಿ ಕುಣಿಯುತ್ತ ಮರ ಬಂತು. ಕೆಳಗಿನ ಕೊಂಬೆಗಳಲ್ಲಿ ಊರಿನವರ ಹಸಿರು ಇಪ್ಪತ್ತರ ಎಲೆ. ತುದಿಯ ದೊಡ್ಡ ಕೊಂಬೆಯಲ್ಲಿ ಹುಯ್ ಅಕ್ಕನ ಸಾವಿರ ಬಾತಿನ ನೋಟುಗಳು, ಒಂದೊಂದನ್ನೂ ಮೀನಿನ ಆಕಾರಕ್ಕೆ ಮಡಿಸಿದ್ದರು. ಮಧ್ಯಾಹ್ನದ ಊಟ ಮುಗಿಸಿ ಎಲ್ಲರೂ ವ್ಯಾನು, ಪಿಕಪ್ಪು ಹತ್ತಿ ಮಡುವಿಗೆ ಹೋದರು. ಬಿಳಿ ಬಟ್ಟೆ, ಹಸಿರು ಕಲ್ಲಿನ ಬಳೆ ತೊಟ್ಟ ಹುಯ್ ಅಕ್ಕ ಬಕೆಟ್ಟುಗಳ ಸಾಲಿನ ಮುಂದೆ ನಿಂತಳು. ಮಕ್ಕಳು ಕೈಮುಗಿದು ನಿಂತರು. ಭಿಕ್ಷುಗಳು ಗಂಟಲು ಸರಿಮಾಡಿಕೊಂಡರು. ನೀರಿನಲ್ಲಿ ಪ್ಲುವಾಂಗ್‌ಗಳು ಎಂದಿನಂತೆ ಅನ್ನ ಬಂತೆಂದು ದಡದ ಹತ್ತಿರ ಸೇರಿದ್ದವು.

ಚನ್‌ಸೋಮ್ ಬಂದು ಮೊದಲ ಬಕೆಟ್ಟಿನ ಮುಂದೆ ಮಂಡಿಯೂರಿದಳು. ಹುಯ್ ಅಕ್ಕನಿಗೆ ಕೈಮುಗಿದಳು.

"ಅಕ್ಕ, ಇಲ್ಲಿ ಬಿಡಬೇಡಿ. ನಾನೂ ಬಿಟ್ಟಿದ್ದೆ. ಅಮ್ಮನಿಗೋಸ್ಕರ, ಎಪ್ಪತ್ತಮೂರು. ಅಮ್ಮ ಹನ್ನೊಂದು ದಿನದ ಮೇಲೆ ಉಳೀಲಿಲ್ಲ, ಈ ಮೀನೂ ಉಳೀಲಿಲ್ಲ. ಜೋಳದ ಔಷಧಿ ಅಲ್ಲ, ನಾನು. ಮರಿಗಳನ್ನೆಲ್ಲ ನನ್ನ ಪುಣ್ಯ ತಿಂದುಹಾಕ್ತು. ಹಿಡಿದು ಹಿಡಿದು ಮುಗಿಸೋಕೆ ನಾಲ್ಕು ವರ್ಷ ಆಯ್ತು. ಇನ್ನೊಂದು ಸಲ ಮಾಡೋ ಶಕ್ತಿ ನನಗಿಲ್ಲ."

ಮದ್ದಳೆಯವನೂ ಕೈ ತೆಗೆದ. ಲುಂಗ್ ಪಾನ್ ಬಾಯಿ ಬಿಟ್ಟ.

"ಹಂಗಾದ್ರೆ ನಮ್ಮ ಮಕ್ಕಳು ಬುಧವಾರ ಬುಧವಾರ ಉಂಡಿದ್ದು ನಿಮ್ಮಮ್ಮನ ಆಯಸ್ಸಾ?"

ಯಾರೋ ನಕ್ಕರು, ಆಮೇಲೆ ಹಲವರು ನಕ್ಕರು. ಚನ್‌ಸೋಮ್ ನಗಲಿಲ್ಲ. ಹುಯ್ ಅಕ್ಕನೂ ನಗಲಿಲ್ಲ. ನೂರು ಜನರೆದುರು ಹುಟ್ಟುಹಬ್ಬದ ದಿನ ಅವಳ ಪುಣ್ಯವನ್ನು ಕುತ್ತಿಗೆ ಹಿಡಿದು ನಿಲ್ಲಿಸಿದಂತಾಗಿತ್ತು. ಮುಖ ಕೆಂಪಗಾಯಿತು. ಬಕೆಟ್ಟುಗಳನ್ನು ವ್ಯಾನಿಗೆ ಏರಿಸಿದಳು, ಊರಿಗೆ ಹೋಗಿ ಮರದ ತುದಿಯ ಕೊಂಬೆಯನ್ನು ಡ್ರೈವರನ ಕೈಯಿಂದ ಬಿಚ್ಚಿಸಿದಳು, ಹೊರಟುಹೋದಳು. ಉಳಿದ ಹಸಿರೆಲೆಗಳಲ್ಲಿ ಕಾಡಿಗೆ ಹೋಗಲು ಆಗುತ್ತಿತ್ತು, ಬರಲು ಆಗುತ್ತಿರಲಿಲ್ಲ.

ಆಮೇಲೆ ನಾಲ್ಕು ದಿನ ಚನ್‌ಸೋಮ್ ಅಡುಗೆ ಮಾಡಿ ಬಡಿಸಿ ಹಿಂದಿನ ಬಾಗಿಲಿಂದ ಮನೆಗೆ ಹೋದಳು. ಮಡುವನ್ನು ಉಳಿಸಿದ ಸಂತೋಷ ಆಗಬೇಕಿತ್ತು, ಆಗಲಿಲ್ಲ. ಇಪ್ಪತ್ತೆರಡು ಮಕ್ಕಳು ಚಾಪೆ ಬಿಚ್ಚಿ ಮತ್ತೆ ಅದರ ಮೇಲೇ ಮಲಗುವಂತಾಯಿತಲ್ಲ ಎಂದು ಕೊರಗಿದಳು. ಬಾಗಿಲಿನ ಎಪ್ಪತ್ತು ಗೆರೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಹಳೆಯ ಇದ್ದಿಲು, ಹೋಗಲಿಲ್ಲ.

ಐದನೆಯ ದಿನ ಬೆಳಗ್ಗೆ ಅಂಗಳದಲ್ಲಿ ಪಿಕಪ್ಪಿನ ಸದ್ದು. ತರಕಾರಿ ವ್ಯಾಪಾರದ ದುವಾನ್ ಇಳಿದಳು. ಮೊದಲ ಶನಿವಾರದ ಆರು ಮಕ್ಕಳಲ್ಲಿ ಒಬ್ಬಳು, ಈಗ ಅವಳಿಗೇ ಒಂದು ಮಗು. ಗಾಡಿಯಲ್ಲಿ ತರಕಾರಿ ಇರಲಿಲ್ಲ. ಒಂದು ಮನೆಯ ಅಂಟಕ್ಕಿ, ಇನ್ನೊಂದು ಮನೆಯ ಒಣಮೆಣಸು, ಬೆಲ್ಲ, ಹಗ್ಗ, ಮೂರು ಟಾರ್ಚು, ಒಂದು ಕಟ್ಟು ಹುರಿದ ಹಂದಿಚರ್ಮ ಇತ್ತು. ಕೊನೆಯದು ಲುಂಗ್ ಪಾನ್ ಕೊಟ್ಟದ್ದು, ತಾನು ಕೊಟ್ಟೆನೆಂದು ಹೇಳಬೇಡ ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು. ಗಾಡಿ ಮೂರು ದಿನಕ್ಕೂ ಪುಕ್ಕಟೆ ಎಂದು ದುವಾನ್ ಹೇಳಿದಳು.

"ನಿನಗೆ ನನ್ನ ಮೇಲೆ ಸಿಟ್ಟಿಲ್ವೇನೇ? ನಾನು ನಿಮ್ಮನ್ನ ಕಾಡು ತೋರ್ಸೋಕೆ ಕರ್ಕೊಂಡು ಹೋಗಿದ್ದಲ್ಲ. ನನ್ನ ತಪ್ಪು ಹಿಡಿಯೋಕೆ ಕರ್ಕೊಂಡು ಹೋಗಿದ್ದು."

"ಗೊತ್ತಾಯ್ತು ಬಿಡಿ ಪಾ. ನಿಮ್ಮಮ್ಮ ಹನ್ನೊಂದೇ ದಿನ ಬದುಕಿದ್ರು, ಒಪ್ತೀನಿ. ಆದ್ರೆ ನಾನು ಈ ಹದಿನಾಲ್ಕು ವರ್ಷ ನೀರುನಾಯಿ ಹೆಜ್ಜೆ ಗುರ್ತು ಹಿಡೀತಾ ಇದ್ದೀನಲ್ಲ, ಅದು ಯಾರ ಪುಣ್ಯ? ಅದನ್ನ ಯಾರೂ ನಿಮ್ಮಮ್ಮನ ಹೆಸರಿಗೆ ಹಾಕೇ ಇಲ್ಲ."

ಚನ್‌ಸೋಮ್ ಒಳಗೆ ಹೋಗಿ ದೊಡ್ಡ ಪಾತ್ರೆ ತಂದಳು. ಅವಳ ಕಣ್ಣು ನೋಡಬಾರದೆಂದು ದುವಾನ್ ಗಾಡಿಯ ಟೈರನ್ನು ಒದ್ದು ನೋಡಿದಳು.

ಹೊರಡುವ ಹಿಂದಿನ ಮಧ್ಯಾಹ್ನ ಫೋನು ಬಂತು. ನಖೋನ್ ಸವನ್‌ನಿಂದ. ನಮಸ್ಕಾರ ಗಿಮಸ್ಕಾರ ಒಂದೂ ಇಲ್ಲ.

"ಇವು ಏನು ತಿಂತಾವೆ? ಅಂಗಡಿ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ ಬಿಟ್ಟಿದ್ದೀನಿ. ಕೊಲ್ಲೋ ಹಾಗಿಲ್ಲ, ಮಾರೋ ಹಾಗಿಲ್ಲ. ನನ್ನ ಮೂರು ಅಳಿಯಂದಿರಿಗಿಂತ ಹೆಚ್ಚು ತಿಂತಾವೆ."

ಕೋಳಿಯ ಕರುಳು, ಹಳಸಿದ ಅನ್ನ ಎಂದು ಚನ್‌ಸೋಮ್ ಹೇಳಿದಳು, ನಗು ತಡೆದುಕೊಂಡು. ಆಮೇಲೆ ಹುಯ್ ಅಕ್ಕ, ಹಾಗಿದ್ದರೆ ಮುಂದಿನ ವರ್ಷ ತಾನು ಏನು ಬಿಡಬೇಕು ಎಂದು ಕೇಳಿದಳು. ದನಿ ಈಗ ಮೆತ್ತಗಿತ್ತು.

"ಮಕ್ಕಳನ್ನ ಬಿಡಿ ಅಕ್ಕ, ಕಾಡಿಗೆ. ಎಷ್ಟಾದ್ರೂ ಬಿಡಿ. ಮಕ್ಕಳನ್ನಾದ್ರೆ ವಾಪಸ್ ಹಿಡಿಯೋದು ನನಗೆ ಸುಲಭ, ಊಟ ಅಂದ್ರೆ ಓಡಿಬರ್ತವೆ."

ಹುಯ್ ಅಕ್ಕ ಹೂಂ ಎಂದು ಫೋನಿಟ್ಟಳು. ಮರುದಿನ ಮಕ್ಕಳು ಪಿಕಪ್ಪು ಹತ್ತುವ ಹೊತ್ತಿಗೆ ಅವಳ ಡ್ರೈವರು ನೋಟಿನ ಮೀನುಗಳು ಅಲ್ಲಾಡುವ ಕೊಂಬೆಯನ್ನು ಹಿಡಿದು ಬಂದಿಳಿದ. ಒಂದು ಮೀನು ಕಡಿಮೆ ಇದೆ, ಕೋಳಿಯ ಕರುಳಿಗೆ ಖರ್ಚಾಯಿತು ಎಂದು ಹೇಳಲು ಹೇಳಿದ್ದಳಂತೆ. ಹೆಡ್‌ಮಾಸ್ತರರು ಕೊಂಬೆಯನ್ನು ಮುಂದಿನ ವರ್ಷದ ಮಕ್ಕಳಿಗೆಂದು ಶಾಲೆಯ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ದಾರಿಯಲ್ಲಿ ಮಡುವಿನ ಬಳಿ ಗಾಡಿ ನಿಂತಿತು, ಎಂದಿನ ಪದ್ಧತಿ. ಮಕ್ಕಳು ಕಾಲು ನೀರಿಗೆ ಬಿಟ್ಟು ಬಂಡೆಗಳ ಮೇಲೆ ಸಾಲಾಗಿ ಕೂತರು. ನಮ್ಮಲ್ಲಿ ಯಾವ ಒಳ್ಳೆಯ ಕೆಲಸ ಮಾಡಿದರೂ ಅದನ್ನು ಸತ್ತವರ ಹೆಸರಿಗೆ ಒಂದು ಚೊಂಬು ನೀರು ಸುರಿದು ತಲುಪಿಸುತ್ತಾರೆ. ಹದಿನೆಂಟು ವರ್ಷದಲ್ಲಿ ಚನ್‌ಸೋಮ್ ಅಮ್ಮನಿಗಾಗಿ ಗುಡಿಯಲ್ಲಿ ಸುರಿದಿದ್ದಳು, ಮನೆಯ ಮರದ ಬುಡದಲ್ಲಿ ಸುರಿದಿದ್ದಳು, ಇಲ್ಲಿ ಒಮ್ಮೆಯೂ ಸುರಿದಿರಲಿಲ್ಲ. ಈ ನೀರಿಗೆ ಅಮ್ಮನ ಹೆಸರು ಹೇಳಲು ಅವಳಿಗೆ ಮುಖವಿರಲಿಲ್ಲ.

ಅವಳು ಅಡುಗೆಯ ಚೊಂಬನ್ನೇ ತೆಗೆದುಕೊಂಡು ದಡಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಅಮ್ಮಾ, ಈ ಇಪ್ಪತ್ತೆರಡೂ ನಿನಗೆ, ಹಿಂದಿನವೂ ನಿನಗೆ ಎಂದು ಮೆಲ್ಲಗೆ ಹೇಳಿ ನೀರನ್ನು ಎಳೆಎಳೆಯಾಗಿ ಸುರಿದಳು. ಸದ್ದು ಕೇಳಿ ಪ್ಲುವಾಂಗ್‌ಗಳು ಬಾಯಿ ತೆರೆದುಕೊಂಡು ಓಡಿಬಂದವು, ದೊಡ್ಡವು, ಚಿಕ್ಕವು, ಉಗುರಿನಷ್ಟು ಮರಿಗಳೂ. ಅನ್ನವಲ್ಲ, ಬರೀ ನೀರು ಎಂದು ತಿಳಿಯಲು ಅವಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಪಾ ಮೀನಿಗೆ ಮೋಸ ಮಾಡಿದಳು ಎಂದು ಮಕ್ಕಳು ಕೂಗಿದರು. ಚನ್‌ಸೋಮ್ ಸೆರಗಿನಂಥ ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಂಡು, ತನ್ನ ಬುಟ್ಟಿಯ ಅಂಟನ್ನದಲ್ಲಿ ಅರ್ಧ ಮುರಿದು ನೀರಿಗೆ ಹಾಕಿದಳು.