ಸುವರ್ಣತ್ತೆ ಬರೆಯದ ಐದು ವಾಕ್ಯ

ಓಮದ ಕಾಳು ಹುರಿಯುವ ವಾಸನೆ ಬಂದರೆ ಈಗಲೂ ನನಗೆ ಆಳಂದದ ಆ ಮನೆ ನೆನಪಾಗುತ್ತದೆ. ಆ ದಿನ ಬೆಳಿಗ್ಗೆಯೂ ಆಯಿ, ಅಂದರೆ ನನ್ನ ಅಜ್ಜಿ, ಎಂದಿನಂತೆ ಓಮ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಮುತ್ಯಾನ ಎದೆಗೆ ಕಾವು ಕೊಡುತ್ತಿದ್ದಳು. ಅಜ್ಜನನ್ನು ನಾವೆಲ್ಲ ಮುತ್ಯಾ ಅನ್ನುತ್ತಿದ್ದೆವು. ಅವನಿಗೆ ದಮ್ಮು. ಪಡಸಾಲೆಯ ಕಂಬಕ್ಕೆ ಒರಗಿ ಅವನು ಉಸಿರೆಳೆಯುವ ಸದ್ದು ಅಡುಗೆಮನೆಯವರೆಗೂ ಕೇಳುತ್ತಿತ್ತು. ಸುವರ್ಣತ್ತೆ ಮಿಂದು, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಆರುವ ಮೊದಲೇ ರೊಟ್ಟಿ ಬಡಿಯಲು ಕೂತಿದ್ದಳು. ಹಿಟ್ಟಿನ ಡಬ್ಬಿಗೆ ಆನಿಸಿಟ್ಟ ವ್ಯಾಕರಣದ ಪುಸ್ತಕದ ಹಾಳೆ ಮಗುಚಬೇಕಾದಾಗ ನನ್ನ ಕಡೆ ನೋಡುತ್ತಿದ್ದಳು; ಅವಳ ಕೈಯೆಲ್ಲ ಹಿಟ್ಟು. ಅಂದು ಅವಳಿಗೆ ಹತ್ತನೆಯ ತರಗತಿಯ ಇಂಗ್ಲಿಷ್ ಪರೀಕ್ಷೆ.

ಅತ್ತೆ ನನ್ನ ಅಪ್ಪನ ಕೊನೆಯ ತಂಗಿ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ತವರಿಗೆ ಬಂದವಳು. ಉಳಿದೆಲ್ಲ ವಿಷಯ ಪಾಸಾಗಿ, ಇಂಗ್ಲಿಷೊಂದರಲ್ಲೇ ಎರಡು ಸಲ ಬಿದ್ದಿದ್ದಳು. ಈ ಸಲ ಪಾಸಾದರೆ ಮಾಸ್ತರಿಕೆ ಟ್ರೇನಿಂಗಿಗೆ ಕಳಿಸುತ್ತೇನೆ, ಇಲ್ಲವಾದರೆ ಹಿರೋಳ್ಳಿಯ ಅಕ್ಕನ ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡಿರಲಿ ಎಂದು ಮುತ್ಯಾ ಹೇಳಿಬಿಟ್ಟಿದ್ದ. ಗುಲ್ಬರ್ಗಾದ ಕಾನ್ವೆಂಟಿನಿಂದ ರಜೆಗೆ ಬಂದಿದ್ದ ಹನ್ನೊಂದು ವರ್ಷದ ನಾನೇ ಅವಳ ಮಾಸ್ತರು. 'ಇಫ್' ವಾಕ್ಯಗಳೆಂದರೆ ಅವಳಿಗೆ ತೊಡಕು. ಸಿಸ್ಟರ್ ನನಗೆ ಕಲಿಸಿದ ಹಾಗೆಯೇ ನಾನೂ ಕಲಿಸಿದೆ: ಮಳೆ ಬಂದರೆ ತೋಯುತ್ತೇವೆ, ಬೇಗ ಹೊರಟಿದ್ದರೆ ಬಸ್ಸು ಸಿಗುತ್ತಿತ್ತು. ಒಂದು ದಿನ 'ಹಾವು ಕಚ್ಚಿದರೆ ಮನುಷ್ಯ ಸಾಯುತ್ತಾನೆ' ಎಂಬ ವಾಕ್ಯ ಬಂತು. ಅರ್ಥ ಕೇಳಿದ ಆಯಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಬಿಡ್ತು ಅನ್ರಿ ಇಬ್ರೂ! ಮನ್ಯಾಗ ಕುಂತು ಕೆಟ್ಟ ಮಾತು ಆಡಬಾರದು. ಮ್ಯಾಲಿನ ದ್ಯಾವರು ಅಸ್ತು ಅಂತಾವ."

"ಅದು ಗ್ರಾಮರ್ ಆಯಿ," ಎಂದೆ.

"ನಿನ್ನ ಗ್ರಾಮರ್ ಒಯ್ದು ಸಾಲ್ಯಾಗ ಇಡು."

ಅತ್ತೆ ನಗುತ್ತಲೇ 'ಬಿಡ್ತು' ಅಂದಳು. ಆಮೇಲೆ ಪಡಸಾಲೆಯ ಕಡೆ ಒಮ್ಮೆ ನೋಡಿ ನಗು ನಿಲ್ಲಿಸಿದಳು. ಅಂದಿನಿಂದ ಸಾವು, ಬೇನೆ, ಬೆಂಕಿ ಇದ್ದ ವಾಕ್ಯಗಳನ್ನೆಲ್ಲ ನಾನೇ ದಾಟಿಸಿಬಿಡುತ್ತಿದ್ದೆ. ಅಂಥ ಮನೆಗಳಲ್ಲಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸಲಾರದು.

ಮಧ್ಯಾಹ್ನ ಹೈಸ್ಕೂಲಿನ ಗೇಟಿನ ಬಳಿ ಬೇವಿನ ನೆರಳಲ್ಲಿ ಕಾದು ನಿಂತಿದ್ದೆ. ಅವಳು ಎಲ್ಲರಿಗಿಂತ ಕೊನೆಗೆ ಬಂದಳು. ಸೆರಗಿನ ತುದಿಗೆ ಮಸಿ ಹತ್ತಿತ್ತು. ಪ್ರಶ್ನೆಪತ್ರಿಕೆಯನ್ನು ಬಿಡಿಸಿ ಒಂದು ಕಡೆ ಬೆರಳಿಟ್ಟು ತೋರಿಸಿದಳು. 'ನನ್ನ ತಂದೆಗೆ ಕಾಯಿಲೆ' ಎಂದು ಅಲ್ಲಿ ಶುರುವಾಗುತ್ತಿತ್ತು. ಡಾಕ್ಟರು ಬರದಿದ್ದರೆ ತಂದೆ ಏನಾಗುತ್ತಾನೆ, ಔಷಧಿ ಕೊಡದೆ ಇದ್ದಿದ್ದರೆ ಏನಾಗುತ್ತಿದ್ದ: ಇಂಥ ಐದು ವಾಕ್ಯಗಳನ್ನು ಪೂರ್ತಿ ಮಾಡಬೇಕಿತ್ತು. 'ಸಾಯು' ಎಂಬ ಕ್ರಿಯಾಪದವನ್ನು ಪಕ್ಕದಲ್ಲೇ ಕೊಟ್ಟಿದ್ದರು. ಐದನ್ನೂ ಅವಳು ಖಾಲಿ ಬಿಟ್ಟು ಬಂದಿದ್ದಳು.

"ನಿನಗ ಬರ್ತಿದ್ದಿಲ್ಲೇನತ್ತಿ?"

"ಬರ್ತಿತ್ತು."

"ಮತ್ತ?"

"ಮುಂಜಾನಿಂದ ಅಪ್ಪನ ಉಸುರು ಕಿವ್ಯಾಗ ಕುಂತದ. ನನ್ನ ಕೈಲೇ ಹೆಂಗ ಬರೀಲಿ ಬೇ?"

ಮನೆಯ ದಾರಿಯಲ್ಲಿ ಅದೇ ಐದು ವಾಕ್ಯಗಳನ್ನು ಬಸ್ಸಿನ ಮೇಲೆ, ಮಳೆಯ ಮೇಲೆ ಹಾಕಿ ಇಂಗ್ಲಿಷಿನಲ್ಲಿ ಹೇಳಿದಳು. ಒಂದೂ ತಪ್ಪಿರಲಿಲ್ಲ.

ಮೂರು ಅಂಕ ಕಡಿಮೆ ಬಿದ್ದವು. ಮಳೆಗಾಲ ಶುರುವಾಗುವಷ್ಟರಲ್ಲಿ ಅತ್ತೆ ಒಂದು ಟ್ರಂಕು ಹಿಡಿದು ಹಿರೋಳ್ಳಿಗೆ ಹೋದಳು. ಅಕ್ಕನ ಮಕ್ಕಳು ದೊಡ್ಡವರಾದರು, ಅವರ ಮಕ್ಕಳೂ ಅವಳ ಕೈಯಲ್ಲೇ ಬೆಳೆದವು. ಮುತ್ಯಾ ಮತ್ತೆ ಒಂಬತ್ತು ವರ್ಷ ಬದುಕಿದ. ಮಗಳು ದಡ್ಡಿ ಎಂದೇ ತಿಳಿದು ತೀರಿಕೊಂಡ. ಅವನಿಗೆ ಹೇಳಬಾರದೆಂದು ಅತ್ತೆ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಪಡಸಾಲೆ ಇದ್ದ ಜಾಗದಲ್ಲಿ ಈಗ ಬಟ್ಟೆ ಅಂಗಡಿ ಇದೆ. ಅತ್ತೆಯೂ ಇಲ್ಲ.

ಪರೀಕ್ಷೆಯ ದಿನ ಸಂಜೆ ಹಿತ್ತಲಲ್ಲಿ ಅವಳು ಆಯಿಗೆ ಮಾತ್ರ ಮೆಲ್ಲಗೆ ಎಲ್ಲ ಹೇಳಿದಳು. ಆಯಿ ಮಗಳ ತಲೆಯ ಮೇಲೆ ಕೈಯಿಟ್ಟು ಕೂತಳು. ಹಾಲಿಗೆ ಹಾಕುವ ಹೆಪ್ಪು ಕೇಳಲು ಬಟ್ಟಲು ಹಿಡಿದು ಬಂದಿದ್ದ ಬಾಜು ಮನೆಯ ಸಿದ್ದಮ್ಮನಿಗೂ ಅದು ಕೇಳಿಸಿತ್ತು. ಹೆಪ್ಪು ಹಾಕಿಸಿಕೊಂಡು, ಬಟ್ಟಲ ಮೇಲೆ ಸೆರಗು ಮುಚ್ಚಿ, ಹೊರಟವಳು ತಿರುಗಿ ಅಂದಳು:

"ಬರದ್ ಬಿಡಬೇಕಿತ್ತಲ್ಲ ಸುವರ್ಣಾ. ನಮ್ಮ ದ್ಯಾವರಿಗಿ ಇಂಗ್ಲಿಷ್ ಎಲ್ಲಿ ಬರ್ತದ?"