ಇಳಿಯಬಾರದಿದ್ದ ನೀರು

ಆ ಕಣಿವೆಯ ಬಾಯಲ್ಲಿ ಇದ್ದದ್ದು ಎರಡೇ ಸರ್ಕಾರಿ ಕೆಲಸ, ಎರಡೂ ಒಂದೇ ಮನೆಯಲ್ಲಿ. ಗಂಡ ಗೇಟು ಕಾಯುತ್ತಿದ್ದ. ಪರ್ಮಿಟ್ ಇಲ್ಲದೆ ಒಂದು ನರಪಿಳ್ಳೆಯನ್ನೂ ಒಳಗೆ ಬಿಡುವಂತಿರಲಿಲ್ಲ. ಹೆಂಡತಿ ನದಿಯ ನೀರು ಅಳೆಯುತ್ತಿದ್ದಳು. ಬಂಡೆಗೆ ಬಡಿದ ಅಳತೆಪಟ್ಟಿಯನ್ನು ದಿನಕ್ಕೆ ಮೂರು ಸಲ ನೋಡಿ, ಬರೆದುಕೊಂಡು, ಫೋನಿನಲ್ಲಿ ಕಚೇರಿಗೆ ಒಪ್ಪಿಸಬೇಕು. ಇಪ್ಪತ್ತಾರು ವರ್ಷದಿಂದ ಅದನ್ನೇ ಮಾಡಿ ಮಾಡಿ ಎಲ್ಲರ ಬಾಯಲ್ಲೂ ಅವಳು ಅಳತೆಯಕ್ಕ ಆಗಿಬಿಟ್ಟಿದ್ದಳು. ಆದರೆ ಈಜು ಬರುತ್ತಿರಲಿಲ್ಲ. ಪಾದ ನೆನೆದರೂ ಎದೆ ಡವಡವ. "ನಾಡಿ ನೋಡ್ತಾಳೆ, ಪೇಷಂಟನ್ನ ಮುಟ್ಟಲ್ಲ" ಅಂತ ಗಂಡ ಛೇಡಿಸುತ್ತಿದ್ದ.

ಆ ವರ್ಷ ನಾಲ್ವರು ಕಯಾಕಿನವರು ಬಂದರು. ಒಬ್ಬೊಬ್ಬರೇ ಕೂರುವ, ಬೀನ್ಸ್ ಕಾಯಿಯಂಥ ಪುಟ್ಟ ದೋಣಿಗಳು. ಪರ್ಮಿಟ್‌ಗಾಗಿ ಒಂದೂವರೆ ವರ್ಷ ಅಲೆದಿದ್ದರಂತೆ, ಸಿಕ್ಕಿದ್ದು ನಾಲ್ಕೇ ದಿನಕ್ಕೆ. ಕೆಂಪು ಹೆಲ್ಮೆಟ್ಟಿನ ಹುಡುಗಿ ಅವರ ನಾಯಕಿ.

"ಅಕ್ಕಾ, ಇವತ್ತು ನೀರು ಎಷ್ಟಿದೆ?"

"ಒಂದು ಮೀಟರ್ ಎಂಬತ್ತು. ಬಿಸಿಲು ಏರಿದ ಹಾಗೆ ಮೇಲೆ ಹಿಮ ಕರಗತ್ತೆ. ಮಧ್ಯಾಹ್ನಕ್ಕೆ ಎರಡು ಮೀಟರ್ ದಾಟತ್ತೆ, ನೋಡ್ಕೊಳ್ಳಿ."

ಎಂಟು ಗಂಟೆಗೆ ಅವರು ನೊರೆಯೊಳಗೆ ಇಳಿದು, ತಿರುವಿನಾಚೆ ಮಾಯವಾದರು.

ಹನ್ನೆರಡಕ್ಕೆ ಅಕ್ಕ ಅಳತೆ ನೋಡಿದಳು: ಒಂದು ಮೂವತ್ತು. ಕನ್ನಡಕ ಒರೆಸಿ ಮತ್ತೆ ನೋಡಿದಳು. ಒಂದು ಮೂವತ್ತೇ. ನೆತ್ತಿ ಸುಡುವ ಬಿಸಿಲಲ್ಲಿ ಏರಬೇಕಾದ ನೀರು ಇಳಿದಿತ್ತು! ಮೇಲೆಲ್ಲೋ ಗುಡ್ಡ ಕುಸಿದು ನೀರು ಕಟ್ಟಿಕೊಂಡಿದೆಯಾ, ಒಡೆದರೆ ಒಮ್ಮೆಲೇ ನುಗ್ಗುವ ಹಾಗೆ? ಅಥವಾ ಅಲ್ಲಿ ಮೋಡ ಕವಿದು ಹಿಮವೇ ಕರಗಿಲ್ಲವಾ? ಕಚೇರಿಗೆ ಫೋನ್ ಮಾಡಿದರೆ, "ಕಮ್ಮಿಯಾದ್ರೆ ಒಳ್ಳೇದೇ ಅಲ್ವೇನಮ್ಮಾ? ಜಾಸ್ತಿಯಾದ್ರೆ ಹೇಳಿ" ಅಂತ ಇಟ್ಟುಬಿಟ್ಟರು. ಹೌದಲ್ಲ, ಒಳ್ಳೆಯದೇ ಇರಬಹುದು. ಅವಳು ಮನೆಗೆ ಬಂದಳು, ತಟ್ಟೆ ಹಾಕಿಕೊಂಡಳು, ಹಾಗೇ ಮುಚ್ಚಿಟ್ಟಳು. ಎದ್ದು ಗೇಟಿನ ಹತ್ತಿರ ಹೋದಳು.

"ರೀ, ಗೇಟು ತೆಗೀರಿ."

"ಪರ್ಮಿಟ್ ಎಲ್ಲಿ?" ಅಭ್ಯಾಸಬಲದಿಂದ ಗಂಡನ ಬಾಯಿಂದ ಬಂದೇಬಿಟ್ಟಿತು. ಆಮೇಲೆ ಹೆಂಡತಿಯ ಮುಖ ನೋಡಿದ. "ಏನಾಯ್ತೇ?"

"ಏನಾಯ್ತು ಅಂತ ಗೊತ್ತಿದ್ರೆ ಹೇಳ್ತಿರ್ಲಿಲ್ವಾ?"

ಅವನು ಬೀಗ ತೆಗೆದ.

ಬಂಡೆಯ ಅಂಚಿನ ಕಾಲುದಾರಿಯಲ್ಲಿ ಗೋಡೆಗೆ ಅಂಟಿಕೊಂಡಂತೆ ಮೂರು ಕಿಲೋಮೀಟರ್ ನಡೆದು ಅವಳು ಕಣಿವೆಯೊಳಗಿನ ಜಲಪಾತದ ಹತ್ತಿರ ಬಂದಳು. ಕಯಾಕಿನವರು ಬೆಳಗೆಲ್ಲ ದೋಣಿಗಳನ್ನು ಹೊತ್ತು ಜಲಪಾತ ಬಳಸಿ, ಆಗಷ್ಟೇ ಇಳಿದು, ಕೆಳಗಿನ ಮರಳಲ್ಲಿ ನಿಂತಿದ್ದರು. ಅಲ್ಲಿಂದ ಮುಂದೆ ಹನ್ನೊಂದು ಕಿಲೋಮೀಟರ್ ಎರಡೂ ಕಡೆ ನೆಟ್ಟಗಿನ ಗೋಡೆ. ಹೊಕ್ಕರೆ ಹತ್ತಿ ಬರಲು ದಾರಿಯಿಲ್ಲ.

"ಹೋಗ್ಬೇಡಿ" ಅಂದಳು ಅಕ್ಕ, ಅವರಿದ್ದಲ್ಲಿಗೆ ಇಳಿದು, ಏದುಸಿರಲ್ಲಿ.

"ಯಾಕಕ್ಕಾ? ನೀರು ಎಷ್ಟು ಚೆನ್ನಾಗಿ ಇಳಿದಿದೆ! ನಮ್ಮ ಅದೃಷ್ಟ."

"ಅದೇ. ಇಳೀಬಾರದಿತ್ತು."

"ಪ್ರವಾಹ ಬರತ್ತಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಹೇಗೆ? ಒಂದೂವರೆ ವರ್ಷ ಕಾದಿದ್ದೀವಿ!"

ಏನು ಮಾಡುವುದೆಂದು ತೋಚದೆ ಅಕ್ಕ, ನೀರಿನಂಚಿನಲ್ಲಿದ್ದ ಕೆಂಪು ಹೆಲ್ಮೆಟ್ಟಿನವಳ ದೋಣಿಯ ಮೇಲೆ ಕೂತುಬಿಟ್ಟಳು. ಕಾಲು ನೆನೆಯಿತು. ಏಳಲಿಲ್ಲ. ಹುಡುಗಿ ಬೈದಳು, ಕೈಮುಗಿದಳು, ಕೊನೆಗೆ ಅತ್ತೇಬಿಟ್ಟಳು. ತಂಡದಲ್ಲಿ ಹಿರಿಯನಾದ ಗಡ್ಡದವನು ಮಾತ್ರ ಮೇಲಿನ ತಿರುವನ್ನೇ ದಿಟ್ಟಿಸುತ್ತಾ, "ಒಂದು ಗಂಟೆ ನೋಡೋಣ, ಮೇಲೆ ಹತ್ತಿ ಕೂರೋಣ" ಅಂದ.

ದೋಣಿಗಳನ್ನು ಎಳೆದುಕೊಂಡು ಎಲ್ಲರೂ ಬಂಡೆ ಹತ್ತಿ ಕೂತರು. ಒಂದು ಗಂಟೆ ಕಳೆಯಿತು, ಎರಡಾಯಿತು. ನದಿ ಬೆಕ್ಕಿನ ಹಾಗೆ ಸಾಧುವಾಗಿ ಹರಿಯುತ್ತಿತ್ತು. ಅಕ್ಕನಿಗೆ ನಾಚಿಕೆಯಾಯಿತು. ನಾಲ್ಕರ ಹೊತ್ತಿಗೆ ನೀರು ಕೆಂಪಾಗಿ, ಸೌದೆ ಕಡ್ಡಿ ಹೊತ್ತು ಏರಿತು. ಮರಳು ಮುಳುಗಿತು. ಅಷ್ಟೇ. ಗೋಡೆಯಂಥ ಪ್ರವಾಹವೇನೂ ಬರಲಿಲ್ಲ. ಮುಂದಿನ ಮೂರು ದಿನವೂ ನೀರು ಕೆಸರಾಗಿಯೇ ಇತ್ತು, ಪರ್ಮಿಟ್ ಮುಗಿಯಿತು.

ಹೊರಡುವಾಗ ಗಡ್ಡದವನು, "ನಮ್ಮ ಜೀವ ಉಳಿಸಿದ್ರಿ" ಅಂದ. ಕೆಂಪು ಹೆಲ್ಮೆಟ್ಟಿನವಳು, "ಅಷ್ಟು ನೀರಲ್ಲಿ ನಾವು ಆರಾಮಾಗಿ ಹೋಗ್ತಿದ್ವಿ" ಅಂದಳು. ಇಬ್ಬರೂ ನದಿ ಬಲ್ಲವರೇ, ಯಾರನ್ನು ನಂಬುವುದು? ನಿಷೇಧಿತ ಜಾಗಕ್ಕೆ ನುಗ್ಗಿದ್ದಕ್ಕೆ ಅಕ್ಕನಿಗೆ ಕಚೇರಿಯಿಂದ ನೋಟಿಸು ಬಂತು. ಎರಡು ವಾರದ ಮೇಲೆ ಅದೇ ಕಚೇರಿಯಿಂದ, ಮೇಲೆ ಗುಡ್ಡ ಕುಸಿದದ್ದು ನಿಜ ಅಂತ ತಿಳಿಸಿ ಶಹಭಾಸ್ ಕಾಗದವೂ ಬಂತು. ಅಕ್ಕ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಳು, ತಲೆಬುಡ ಅರ್ಥವಾಗಲಿಲ್ಲ.

ಮರುವರ್ಷ ಆ ತಂಡ ಹೇಗೋ ಪರ್ಮಿಟ್ ಗಿಟ್ಟಿಸಿ ಮತ್ತೆ ಬಂದು, ಮೂರೇ ದಿನದಲ್ಲಿ ಕಣಿವೆ ದಾಟಿತು. ತಿಂಗಳ ಮೇಲೆ ಹುಡುಗಿಯ ಕಾಗದ ಬಂತು: 'ಅಕ್ಕಾ, ತೀರಾ ಇಕ್ಕಟ್ಟಾದ ಕಡೆ ನನ್ನ ತಲೆಗಿಂತ ಎಷ್ಟೋ ಮೇಲೆ ಗೋಡೆಗಳ ಮಧ್ಯೆ ಒಂದು ಇಡೀ ಮರ ಸಿಕ್ಕಿಕೊಂಡಿತ್ತು. ಅದು ಆ ದಿನ ಬಂದದ್ದೋ, ಬೇರೆ ಯಾವಾಗಲೋ, ನನಗೆ ತಿಳಿಯಲಿಲ್ಲ.'

"ಆ ದಿನದ್ದೇ ಕಣೇ, ಇನ್ನೇನು!" ಅಂದ ಗಂಡ.

ಅಕ್ಕ ಕಾಗದವನ್ನು ತಿರುವಿ ಹಿಂಬದಿಯನ್ನೂ ನೋಡಿದಳು. "ಎಷ್ಟೋ ಮೇಲೆ ಅಂದ್ರೆ ಎಷ್ಟು ಮೀಟರ್ ಅಂತ ಬರೆದೇ ಇಲ್ವಲ್ರೀ" ಅಂದಳು.