ಭಟ್ಟರು ‘ಹೌದು’ ಎಂದ ಸಂಜೆ

1958ರಲ್ಲಿ ನಾನು ಮದರಾಸಿನ ಒಂದು ಕಣ್ಣಾಸ್ಪತ್ರೆಯಲ್ಲಿ ಗಂಡಸರ ವಾರ್ಡಿನ ಸಿಸ್ಟರ್ ಆಗಿದ್ದೆ. ಹುಟ್ಟಿದ್ದು ಮಂಗಳೂರಿನಲ್ಲಿ, ನರ್ಸಿಂಗ್ ಕಲಿತದ್ದು ಮದರಾಸಿನಲ್ಲಿ, ಕೆಲಸಕ್ಕೆ ಸೇರಿದ್ದೂ ಅಲ್ಲಿಯೇ. ದಿನವಿಡೀ ತಮಿಳು ಮಾತಾಡಿ, ಕೇಸ್ ಶೀಟುಗಳನ್ನು ಇಂಗ್ಲಿಷಿನಲ್ಲಿ ಬರೆದು, ಕನ್ನಡವನ್ನು ಊರಿನಿಂದ ಬಂದ ಕಾಗದದಲ್ಲಷ್ಟೇ ನೋಡುತ್ತಿದ್ದ ಕಾಲ ಅದು. ವಾರ್ಡಿಗೆ ಕನ್ನಡದ ರೋಗಿ ಬಂದರೆ ನನಗೆ ಒಳಗೊಳಗೇ ಖುಷಿ. ದೇಸಾಯರು ಬಂದಾಗಲೂ ಖುಷಿಪಟ್ಟೆ. ಆ ಖುಷಿ ಅವರ ಆಪರೇಶನ್ ಆಗುವವರೆಗೆ ಇತ್ತು.

ಈಗ ಕಣ್ಣಿನ ಪೊರೆ ತೆಗೆಸಿಕೊಂಡವರು ಅದೇ ದಿನ ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಹೋಗಿ ಸಾರು ಅನ್ನ ಉಣ್ಣುತ್ತಾರೆ. ಆಗ ಅದೊಂದು ತಪಸ್ಸು. ಒಂದೇ ಕಣ್ಣಿಗೆ ಆಪರೇಶನ್ ಆದರೂ ಎರಡೂ ಕಣ್ಣಿಗೆ ಪಟ್ಟಿ ಕಟ್ಟುತ್ತಿದ್ದೆವು. ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟು, ರೋಗಿಯನ್ನು ದಿನಗಟ್ಟಲೆ ಅಂಗಾತ ಮಲಗಿಸುತ್ತಿದ್ದೆವು. ಕೆಮ್ಮಬಾರದು, ಸೀನಬಾರದು, ಜೋರಾಗಿ ನಗಬಾರದು. ಅಗಿಯುವಂಥದ್ದು ಏನೂ ಬಾಯಿಗೆ ಹೋಗಬಾರದು. ಗಂಜಿ, ಹಾಲು, ಅಷ್ಟೇ. ಗಾಯಕ್ಕೆ ಹಾಕುತ್ತಿದ್ದದ್ದು ಒಂದೋ ಎರಡೋ ಹೊಲಿಗೆ. ಕಣ್ಣಿನೊಳಗೆ ಒತ್ತಡ ಏರಿದರೆ ಕಪ್ಪುಗುಡ್ಡೆಯ ಪರದೆ ಗಾಯದಿಂದ ಹೊರಗೆ ಜಾರಬಹುದು. ಐರಿಸ್ ಪ್ರೊಲ್ಯಾಪ್ಸ್ ಎಂಬ ಆ ಎರಡು ಶಬ್ದ ಕೇಳಿದರೆ ನಮ್ಮ ಎದೆ ಧಸಕ್ಕೆನ್ನುತ್ತಿತ್ತು.

ದೇಸಾಯರು ಗದಗಿನ ಕಡೆಯವರು. ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತರಾಗಿ ಮಗನ ಸಂಸಾರದ ಜೊತೆ ಪುರಸೈವಾಕ್ಕಂನಲ್ಲಿ ಇದ್ದರು. ಅವರ ಎಡಗಣ್ಣು ಮೊದಲೇ ಹೋಗಿತ್ತು. ಕೆಲವು ವರ್ಷಗಳ ಹಿಂದೆ ಬೇರೆ ಊರಿನಲ್ಲಿ ಆಪರೇಶನ್ ಮಾಡಿಸಿಕೊಂಡು, ಮೂರನೆಯ ದಿನ ನಶ್ಯ ಏರಿಸಿ, ಸೀನಿ, ಕಣ್ಣನ್ನು ಕಳೆದುಕೊಂಡಿದ್ದರು. ಈಗ ಬಲಗಣ್ಣಿಗೂ ಪೊರೆ. ಇದೂ ಹೋದರೆ ಮುಗಿಯಿತು. ದಾಖಲಾದ ದಿನವೇ ನಾನು ಅವರ ಕೋಟಿನ ಜೇಬು ತಪಾಸಣೆ ಮಾಡಿ ನಶ್ಯದ ಡಬ್ಬಿ ವಶಪಡಿಸಿಕೊಂಡೆ. ಅವರು ಸಿಟ್ಟಾಗಲಿಲ್ಲ.

“ತಗೋ ತಂಗಿ, ಡಬ್ಬಿ ನೀನ ಇಟ್ಕೊ,” ಎಂದರು. “ಕಣ್ಣೊಂದು ಉಳಿಸಿ ಕೊಡು. ನಮ್ಮನ್ಯಾಗ ಮಗಾ ಇಂಗ್ಲಿಷ್ ಪೇಪರ್ ಓದ್ತಾನ, ಮೊಮ್ಮಕ್ಕಳು ತಮಿಳು ಓದ್ತಾವ. ನನ್ನ ಕಣ್ಣು ಹೋದ್ರ ನನಗ ಕನ್ನಡ ಓದಿ ಹೇಳಾವ್ರು ಯಾರೂ ಇಲ್ಲ.”

ಆ ಮಾತನ್ನು ನಾನು ಆಗ ಸಾಮಾನ್ಯ ಮಾತು ಎಂದುಕೊಂಡೆ. ಅದರ ತೂಕ ಗೊತ್ತಾದದ್ದು ಅನಂತ ಭಟ್ಟರು ಬಂದ ಮೇಲೆ.

ಭಟ್ಟರು ಉಡುಪಿಯ ಕಡೆಯವರು, ದೇಸಾಯರ ಮನೆಯ ಹತ್ತಿರವೇ ಹೋಟೆಲು ಇಟ್ಟಿದ್ದವರು. ಅವರಿಬ್ಬರದು ಒಂದು ವಿಚಿತ್ರ ವ್ಯವಸ್ಥೆ. ಕನ್ನಡ ಪುಸ್ತಕಗಳನ್ನು ಊರಿನಿಂದ ತರಿಸುತ್ತಿದ್ದರು, ಇಬ್ಬರ ನಡುವೆ ಒಂದೇ ಪ್ರತಿ. ಮೊದಲು ಒಬ್ಬರು ಓದಿ, ಆಮೇಲೆ ಇನ್ನೊಬ್ಬರು ಓದಿ, ಹೋಟೆಲಿನ ಮೂಲೆಯ ಮೇಜಿನಲ್ಲಿ ಕೂತು ಅಭಿಪ್ರಾಯ ಹೇಳಿಕೊಳ್ಳುವುದು. ಅಭಿಪ್ರಾಯ ಎಂದರೆ ಜಗಳ. ದೇಸಾಯರು ಕಾದಂಬರಿಯನ್ನು ರೈಲ್ವೆ ಕಣ್ಣಿನಿಂದ ನೋಡುವವರು. ನಾಯಕ ಹತ್ತಿದ ಮೇಲ್ ಗಾಡಿ ಆ ಸ್ಟೇಶನ್ನಿನಲ್ಲಿ ನಿಲ್ಲುವುದಿಲ್ಲ ಎಂದು ಲೇಖಕನ ಜನ್ಮ ಜಾಲಾಡುವರು. ಭಟ್ಟರು ಅಡುಗೆಮನೆಯ ಕಡೆಯಿಂದ ಬರುವವರು. ಇಷ್ಟು ವರ್ಷಗಳಲ್ಲಿ ಇಬ್ಬರೂ ಒಂದು ಪುಸ್ತಕದ ಬಗ್ಗೆಯೂ ಒಮ್ಮತಕ್ಕೆ ಬಂದದ್ದಿಲ್ಲ ಎಂದು ದೇಸಾಯರ ಸೊಸೆ ನನ್ನ ಹತ್ತಿರ ಹೇಳಿ ನಕ್ಕರು.

ಆಪರೇಶನ್ ಚೆನ್ನಾಗಿಯೇ ಆಯಿತು. ಮರುದಿನ ಸಂಜೆ ಭಟ್ಟರು ಹೋಟೆಲಿನ ಟಿಫಿನ್ ರಶ್ ಬೇರೆಯವರ ತಲೆಗೆ ಕಟ್ಟಿ ಬಂದರು. ದೇಸಾಯರು ದಾಖಲಾಗುವ ಮೊದಲು, ಅವರು ಭೂತಗನ್ನಡಿ ಹಿಡಿದು, ಇಬ್ಬರೂ ಒಂದು ದಪ್ಪ ಕಾದಂಬರಿ ಮುಗಿಸಿದ್ದರಂತೆ. ಆಸ್ತಿಯನ್ನೆಲ್ಲ ಲಪಟಾಯಿಸಿದ ತಮ್ಮನನ್ನು ಒಬ್ಬ ಪೋಸ್ಟ್ ಮಾಸ್ಟರ್ ಕೊನೆಯ ಅಧ್ಯಾಯದಲ್ಲಿ ಕ್ಷಮಿಸುವ ಕಥೆ. ದೇಸಾಯರು ಅದನ್ನು ಬಾಯಿತುಂಬ ಹೊಗಳಿದರು. ಭಟ್ಟರು ಸ್ಟೂಲಿನ ಮೇಲೆ ಕೂತು ಪಂಚೆ ಸರಿಪಡಿಸಿಕೊಂಡು ಶುರುಮಾಡಿದರು:

“ಎಂಥ ಕಾದಂಬರಿ ಮಾರಾಯ್ರೆ ಅದು? ಅಷ್ಟು ಪುಟದಲ್ಲಿ ಒಬ್ಬನಾದರೂ ಊಟ ಮಾಡ್ತಾನಾ? ತಮ್ಮ ಬಾಗಿಲಿಗೆ ಬಂದ, ಅಣ್ಣ ಕ್ಷಮಿಸಿದ, ಇಬ್ಬರೂ ಅತ್ತರು. ಒಂದು ಲೋಟ ಕಾಫಿ ಕೊಡ್ಲಿಕ್ಕೆ ಆಗಲಿಲ್ವಾ ಅವನಿಗೆ? ಅದೆಂಥ ಕ್ಷಮೆ?”

“ಭಟ್ರ! ನಿಮಗ ಇಡ್ಲಿ ಬಿಟ್ರ ಬ್ಯಾರೆ ಏನರೆ ತಿಳೀತದೇನು?” ಎನ್ನುತ್ತ ದೇಸಾಯರು ದಿಂಬಿನಿಂದ ತಲೆ ಎತ್ತಿಯೇ ಬಿಟ್ಟರು. ನಾನು ವಾರ್ಡಿನ ಆ ತುದಿಯಿಂದ ಓಡಿ ಬಂದು ಅವರನ್ನು ಮಲಗಿಸಿದೆ. ಮಾರನೆಯ ಬೆಳಿಗ್ಗೆ ಪಟ್ಟಿ ಬಿಚ್ಚಿ ನೋಡಿದರೆ ಕಣ್ಣಿನೊಳಗೆ ತುಸು ರಕ್ತ ಇಳಿದಿತ್ತು. ಹೈಫೀಮಾ ಎನ್ನುತ್ತೇವೆ. ರೋಗಿ ಅಲುಗದೆ ಮಲಗಿದರೆ ತಾನಾಗಿಯೇ ಇಂಗುತ್ತದೆ, ಮತ್ತೆ ಅಲುಗಿದರೆ ಹೆಚ್ಚಾಗುತ್ತದೆ. ನಮ್ಮ ಸರ್ಜನ್ ನನ್ನ ಮುಖ ನೋಡಿದ ರೀತಿ ಇವತ್ತಿಗೂ ನೆನಪಿದೆ.

ಭಟ್ಟರಿಗೆ ವಾರ್ಡು ಬಂದ್ ಆಯಿತು. ಆದರೆ ಅದರಿಂದ ಕೆಲಸ ಇನ್ನೂ ಕೆಟ್ಟಿತು. ಕತ್ತಲಲ್ಲಿ ಮಲಗಿದ ಮನುಷ್ಯನಿಗೆ ದಿನಕ್ಕೊಂದು ಸಂಜೆಯೂ ಇಲ್ಲವಾದರೆ ಏನಾಗಬೇಡ? ದೇಸಾಯರು ನಿದ್ದೆ ಬಿಟ್ಟರು, ಗೊಣಗಿದರು, ಮರಳಿನ ಚೀಲಗಳ ನಡುವೆಯೇ ತಲೆಯನ್ನು ಅತ್ತಿತ್ತ ಹೊರಳಿಸತೊಡಗಿದರು. ಕೊನೆಗೆ ಸರ್ಜನ್ನರೇ ರಾಜಿಗೆ ಬಂದರು. “ಅಂದ ಹೋಟೆಲ್‌ಕಾರರ್ ವರಟ್ಟುಂ, ಸಿಸ್ಟರ್. ಆನಾ ಸಂಡೆ ಕೂಡಾದು,” ಎಂದರು. ಆ ಹೋಟೆಲಿನವರು ಬರಲಿ, ಆದರೆ ಜಗಳ ಕೂಡದು. ರೋಗಿ ಏನು ಹೇಳಿದರೂ ಒಪ್ಪಿಕೊಳ್ಳಬೇಕು.

ವರಾಂಡದಲ್ಲಿ ಭಟ್ಟರಿಗೆ ಈ ಆಜ್ಞೆ ತಿಳಿಸಿದೆ. ಅವರ ಮುಖ ಹುಳ್ಳಗಾಯಿತು.

“ಅವರು ಹೇಳಿದ್ದಕ್ಕೆಲ್ಲ ಹೌದು ಅನ್ನುದಾ? ಅದಕ್ಕಿಂತ ನನ್ನ ಕಣ್ಣಿಗೇ ಆಪರೇಶನ್ ಮಾಡಿ ಸಿಸ್ಟರ್.”

ಆದರೂ ಮನುಷ್ಯ ಮಾತಿಗೆ ತಪ್ಪಲಿಲ್ಲ. ಆ ಸಂಜೆ ಒಳಗೆ ಹೋಗಿ, ಸ್ಟೂಲಿನ ಮೇಲೆ ಕೂತು, ಪೋಸ್ಟ್ ಮಾಸ್ಟರನ ಕಾದಂಬರಿಯ ಬಗ್ಗೆ ತಾವೇ ಮಾತೆತ್ತಿದರು. “ನೀವು ಹೇಳಿದ್ದೇ ಸರಿ ದೇಸಾಯ್ರೆ. ಒಳ್ಳೆ ಪುಸ್ತಕ. ಕೊನೆ ಅಂತೂ ಬಹಳ ಚಂದ ಉಂಟು.”

ದೇಸಾಯರು ಬೇರೊಂದು ಪುಸ್ತಕದ ಮಾತು ತೆಗೆದರು. ಅದು ಅವರಿಗೇ ಸೇರದ ಪುಸ್ತಕ, ಅರ್ಧ ಓದಿ ಬಿಸಾಕಿದ್ದಂತೆ. ಅದು ಭಟ್ಟರಿಗೂ ಗೊತ್ತಿತ್ತು. “ಅದೂ ಛಲೋ ಇತ್ತು ಅನಸ್ತದ ಈಗ,” ಎಂದರು ದೇಸಾಯರು. ಭಟ್ಟರು ನನ್ನ ಕಡೆ ಕಳ್ಳನೋಟ ಬೀರಿ, ಉಗುಳು ನುಂಗಿ, “ಹೌದು, ಅದೂ ಒಳ್ಳೆದೇ,” ಎಂದರು. ನಾನಂತೂ ಎಂಥ ಶಾಂತಿ ಎಂದು ಹಿಗ್ಗಿದೆ.

ಭಟ್ಟರು ಹೊರಟ ಮೇಲೆ ಹಾಲು ತೆಗೆದುಕೊಂಡು ಹೋದೆ. ದೇಸಾಯರು ಬಾಯಿ ತೆರೆಯಲಿಲ್ಲ.

“ತಂಗಿ, ಖರೆ ಹೇಳು. ಕಣ್ಣು ಹೋತೇನು?”

ಇಲ್ಲ, ಎಲ್ಲ ಸರಿಯಾಗುತ್ತಿದೆ, ಇವತ್ತು ರಕ್ತವೂ ಕಡಿಮೆಯಾಗಿದೆ ಎಂದೆ. ಅದು ನಿಜವೇ ಆಗಿತ್ತು. ಅವರು ನಂಬಲಿಲ್ಲ.

“ಡಾಕ್ಟರ್ ಸುಳ್ಳ ಹೇಳಬಹುದು. ನೀನೂ ನನ್ನ ಸಮಾಧಾನಕ್ಕ ಸುಳ್ಳ ಹೇಳಬಹುದು. ಆದರ ಭಟ್ರು ಒಪ್ಪಿಗೊಂಡಾರ ತಂಗಿ! ಯಾವತ್ತೂ ಒಪ್ಪದ ಮನಶ್ಯಾ. ನನ್ನ ಕಣ್ಣು ಹೋಗೇದ, ಅದು ಅವರಿಗೆ ಗೊತ್ತಾಗೇದ. ಕುರುಡನ ಜೋಡಿ ಏನು ಜಗಳಾ ಅಂತ ಬಿಟ್ಟುಬಿಟ್ಟಾರ.”

ಮಾತು ಅಳುವಿಗೆ ತಿರುಗಿತು. ಅಳು ಆ ಕಣ್ಣಿಗೆ ಕೆಮ್ಮಿನಷ್ಟೇ ಅಪಾಯ. ಒಂದು ಕೈ ಮೇಲೆದ್ದು ಪಟ್ಟಿಯ ಗಂಟು ಹುಡುಕತೊಡಗಿತು. ನೋಡೇ ಬಿಡಬೇಕು ಎಂಬ ಹಟ. ನಾನು ಆ ಕೈ ಹಿಡಿದುಕೊಂಡೆ. ನನ್ನ ಸಮಾಧಾನದ ಮಾತುಗಳು ಎಷ್ಟು ಸಿಹಿಯಾದವೋ ಅವರ ಭಯ ಅಷ್ಟು ಹೆಚ್ಚಾಯಿತು. ಆ ಹೊತ್ತಿನಲ್ಲಿ ನನಗೂ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಸರ್ಜನ್ ಮನೆಗೆ ಹೋಗಿಯಾಗಿತ್ತು. ನಿದ್ದೆಯ ಇಂಜೆಕ್ಷನ್ ಕೊಡಲು ಅವರ ಅಪ್ಪಣೆ ಬೇಕು, ಕೊಟ್ಟರೂ ಅದು ಏರುವವರೆಗೆ ಇವರನ್ನು ತಡೆಯುವವರು ಯಾರು?

ಪಕ್ಕದ ವಾರ್ಡಿನ ನರ್ಸನ್ನು ಕರೆದು ಆ ಕೈಗಳನ್ನು ಅವಳಿಗೆ ಒಪ್ಪಿಸಿ, ನಾನು ಗೇಟಿನ ಕಡೆ ಓಡಿದೆ. ಯೂನಿಫಾರ್ಮಿನಲ್ಲಿ ಓಡುವ ಸಿಸ್ಟರನ್ನು ಕಂಡು ವಾಚ್‌ಮನ್ ಬೆಂಕಿ ಬಿದ್ದಿದೆಯೇನೋ ಎಂದುಕೊಂಡನಂತೆ. ದೇವರ ದಯೆ, ಭಟ್ಟರು ಇನ್ನೂ ಬಸ್ ಸ್ಟಾಪಿನಲ್ಲೇ ಇದ್ದರು.

“ಬನ್ನಿ ಭಟ್ರೆ, ಜಗಳ ಮಾಡಿ!”

“ಡಾಕ್ಟರು ಬೇಡ ಅಂದಿದ್ದಾರಲ್ಲ?”

“ಅವರಿಗೆ ನಾನು ಹೇಳ್ತೇನೆ. ನೀವು ಒಪ್ಪಿದ್ದಕ್ಕೆ ಅವರು ಕಣ್ಣು ಹೋಯ್ತು ಅಂತ ತಿಳ್ಕೊಂಡಿದ್ದಾರೆ.”

ಭಟ್ಟರು ಪಂಚೆ ಎತ್ತಿ ಕಟ್ಟಿ ನನಗಿಂತ ಮುಂದೆ ನಡೆದರು. ವಾರ್ಡಿನಲ್ಲಿ ನಾನು ದೇಸಾಯರ ತಲೆಯ ಹಿಂದೆ ನಿಂತು ಎರಡೂ ಅಂಗೈಗಳಿಂದ ಅವರ ಕೆನ್ನೆ ಹಿಡಿದೆ. ಎಷ್ಟು ಬೇಕಾದರೂ ಬೈಯಿರಿ, ದನಿ ಮಾತ್ರ ಏರಿಸಬೇಡಿ ಎಂದು ಭಟ್ಟರಿಗೆ ಸನ್ನೆ ಮಾಡಿದೆ.

“ದೇಸಾಯ್ರೆ,” ಎಂದರು ಭಟ್ಟರು ಮೆಲ್ಲಗೆ, “ಬಸ್ ಸ್ಟಾಪಿನವರೆಗೆ ಹೋದೆ, ತಡ್ಕೊಳ್ಳಿಕ್ಕೆ ಆಗಲಿಲ್ಲ. ಈ ಸಿಸ್ಟರ್ ನನ್ನ ಬಾಯಿ ಕಟ್ಟಿ ಹಾಕಿದ್ರು. ಆ ಕಾದಂಬರಿ ಕಸ ಮಾರಾಯ್ರೆ. ಅದನ್ನು ಓದುದಕ್ಕಿಂತ ನಮ್ಮ ಹೋಟೆಲಿನ ತಿಂಡಿ ಬೋರ್ಡು ಓದಬಹುದು. ಅದರಲ್ಲಿ ಊಟದ ವಿಷಯವಾದ್ರೂ ಉಂಟು.”

ನನ್ನ ಅಂಗೈಗಳ ನಡುವೆ ಬಿಗಿದುಕೊಂಡಿದ್ದ ಆ ದವಡೆ ಸಡಿಲವಾಯಿತು. ದೇಸಾಯರು ಉದ್ದಕ್ಕೆ ಉಸಿರು ಬಿಟ್ಟರು.

“ನೋಡು ತಂಗಿ, ಈ ಮನಶ್ಯಾಗ ಸಾಹಿತ್ಯ ಅಂದ್ರ ಏನಂತ ಗೊತ್ತಿಲ್ಲ,” ಎಂದರು. ತಲೆ ಒಂದಿಷ್ಟೂ ಅಲುಗಲಿಲ್ಲ. “ಹಾಲು ತಾ.”

ಹಾಲು ಕುಡಿಸಿ, ಬಟ್ಟೆಗಳ ಕೋಣೆಗೆ ಹೋಗಿ, ಒಬ್ಬಳೇ ನಿಂತು ನಕ್ಕೆ, ಅತ್ತೆ.

ಮಾರನೆಯ ದಿನ ಸರ್ಜನ್ನರಿಗೆ ನಡೆದದ್ದನ್ನೆಲ್ಲ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಅವರು ಕಣ್ಣು ಪರೀಕ್ಷಿಸಿ, ರಕ್ತ ಹೆಚ್ಚಾಗಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ, ಗಂಭೀರವಾಗಿ ಹೊಸ ಆರ್ಡರ್ ಕೊಟ್ಟರು: ದಿನಕ್ಕೊಂದು ಜಗಳ, ಸಣ್ಣ ದನಿಯಲ್ಲಿ, ಸಿಸ್ಟರ್ ತಲೆ ಹಿಡಿದುಕೊಂಡಿರಬೇಕು. ಹೀಗೆ ಕನ್ನಡ ಸಾಹಿತ್ಯದ ಬಗ್ಗೆ ನನಗಿರುವ ಅಷ್ಟಿಷ್ಟು ತಿಳಿವಳಿಕೆಯೆಲ್ಲ ಒಬ್ಬ ರೋಗಿಯ ಕೆನ್ನೆ ಹಿಡಿದುಕೊಂಡು ನಿಂತಾಗ ಬಂದದ್ದು.

ಪಟ್ಟಿ ಪೂರ್ತಿ ತೆಗೆದ ದಿನ ಸರ್ಜನ್ ಟ್ರಯಲ್ ಫ್ರೇಮ್ ಎಂಬ ಪರೀಕ್ಷೆಯ ಕನ್ನಡಕಕ್ಕೆ ದಪ್ಪ ಗಾಜು ಹಾಕಿ ದೇಸಾಯರ ಮೂಗಿನ ಮೇಲೆ ಇಟ್ಟರು. ಭಟ್ಟರು ಆ ಕಾದಂಬರಿಯನ್ನೇ ತೆರೆದು ಮುಂದೆ ಹಿಡಿದರು. ದೇಸಾಯರು ಪುಸ್ತಕವನ್ನು ಹತ್ತಿರ ತಂದು, ದೂರ ಸರಿಸಿ, ಆಮೇಲೆ ಒಂದೊಂದೇ ಶಬ್ದ ಹೆಕ್ಕಿ ಒಂದು ಸಾಲು ಗಟ್ಟಿಯಾಗಿ ಓದಿದರು. ಭಟ್ಟರು ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟರು.

ಡಿಸ್ಚಾರ್ಜ್ ಆದ ದಿನ ದೇಸಾಯರನ್ನು ಟ್ಯಾಕ್ಸಿಯಲ್ಲಿ ಕೂರಿಸಿದ ಮೇಲೆ ಭಟ್ಟರು ವರಾಂಡಕ್ಕೆ ಹಿಂತಿರುಗಿ ಬಂದರು.

“ಒಂದು ಮಾತು ಸಿಸ್ಟರ್. ಆ ಪೋಸ್ಟ್ ಮಾಸ್ಟರನ ಪುಸ್ತಕ ನಿಜಕ್ಕೂ ಒಳ್ಳೆದೇ. ಕೊನೆ ಓದಿ ನಾನು ಹೋಟೆಲಿನ ಸ್ಟೋರಿನಲ್ಲಿ ಕೂತು ಅತ್ತಿದ್ದೇನೆ. ಆ ಸಂಜೆ ನಾನು ಹೌದು ಅಂದದ್ದು ಸತ್ಯವೇ.”

“ಹಾಗಾದ್ರೆ ಅವರಿಗೆ ಹೇಳಿಬಿಡಿ. ಈಗ ಕಣ್ಣು ಸರಿಯಾಯ್ತಲ್ಲ?”

“ಛೆ, ಬೇಡ. ಅವರು ಓದುದು ನನ್ನ ಹತ್ರ ಜಗಳ ಮಾಡ್ಲಿಕ್ಕೆ. ಆ ಮನೆಯಲ್ಲಿ ಬೇರೆ ಯಾರಿದ್ದಾರೆ ಹೇಳಿ? ನಾನೂ ಒಪ್ಪಿಬಿಟ್ಟರೆ ಈ ಕಣ್ಣು ಉಳಿಸಿ ಎಂಥ ಪ್ರಯೋಜನ?”

ರೋಗಿಗೆ ಶಾಂತಿ ಬೇಕು ಎಂದು ನರ್ಸಿಂಗ್ ಶಾಲೆಯಲ್ಲಿ ನಮಗೆ ಕಲಿಸಿದ್ದರು. ಆ ಶಾಂತಿ ಒಬ್ಬೊಬ್ಬರಿಗೆ ಒಂದೊಂದು ಥರ ಎಂದು ನನಗೆ ಕಲಿಸಿದ್ದು ವಾರ್ಡಿನ ಕೆಲಸ. ಹಾಸಿಗೆಯಲ್ಲಿ ಬಿದ್ದವನ ಮುಂದೆ ಬಂದವರೆಲ್ಲ ದಿಢೀರನೆ ಸಿಹಿಯಾದರೆ ಅವನು ಎದೆಗುಂದುತ್ತಾನೆ. ನಿವೃತ್ತಳಾಗುವವರೆಗೂ, ರೋಗಿಯ ಪಕ್ಕ ಕೂತು ಜಗಳವಾಡುವ ಹೆಂಡತಿಯನ್ನೋ ಅಣ್ಣತಮ್ಮಂದಿರನ್ನೋ ಕಂಡರೆ ಗದರಿಸುವ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದೆ: “ಮನೆಯಲ್ಲೂ ಹೀಗೇ ಇರ್ತೀರಾ?” ಹೌದು ಎಂದರೆ, “ಹಾಗಾದ್ರೆ ಮೆಲ್ಲಗೆ ಮುಂದುವರಿಸಿ,” ಎಂದು ಹೇಳಿ ಮುಂದಿನ ಹಾಸಿಗೆಗೆ ಹೋಗುತ್ತಿದ್ದೆ.